ಆಯಿಯ ಅಳತೆ ಹುರಿ

ಹೋದ ವರ್ಷ ಧಾರವಾಡದಲ್ಲಿ ಒಂದು ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಮೇಜಿನ ಆಚೆ ಕುಳಿತಿದ್ದ ಹಿರಿಯರು ನನ್ನ ಪದವಿ ಪತ್ರವನ್ನು ಕೈಗೆತ್ತಿಕೊಂಡು, ಓದುವ ಮೊದಲು ಮೂಗಿನ ಹತ್ತಿರ ಹಿಡಿದರು. ಒಮ್ಮೆ ಪತ್ರವನ್ನೂ ಒಮ್ಮೆ ನನ್ನನ್ನೂ ನೋಡಿ, "ಏನವ್ವಾ, ಇದು ಆಡು ಆಡು ನಾರತೈತಲ್ಲ?" ಎಂದರು. "ಪೆಟ್ಟಿಗೆಯಲ್ಲಿ ಇಟ್ಟಿದ್ದೆ ಸರ್" ಎಂದೆ. ಅದು ಪೂರ್ತಿ ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೋಣೆಗೆ ಮರಳಿ ನನ್ನ ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಆ ವಾಸನೆ ಒಂದೇ ಸಲಕ್ಕೆ ಮೇಲೆದ್ದು ಬಂತು. ಔಡಲೆಣ್ಣೆ, ಒಲೆಯ ಹೊಗೆ, ಬೆಳಗಿನ ಬಿಸಿಲಿಗೆ ಬೆಚ್ಚಗಾದ ಆಡಿನ ಮೈ. ಪತ್ರಗಳ ಕಟ್ಟಿನ ಮೇಲೆ, ಹಾವಿನ ಮರಿಯಂತೆ ಸುತ್ತಿಕೊಂಡು ಆಯಿಯ ಹುರಿ ಮಲಗಿತ್ತು. ಸಂದರ್ಶನದಲ್ಲಿ ಹೇಳದೆ ಬಿಟ್ಟ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪೆಟ್ಟಿಗೆಯಲ್ಲೂ ಯಾರಿಗೂ ತೋರಿಸದ ಇಂಥದೊಂದು ವಸ್ತು ಇದ್ದೀತು. ಅದರ ಮುಚ್ಚಳ ತೆಗೆದಾಗ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆಯಿ ಎಂದರೆ ನನ್ನ ತಂದೆಯ ತಾಯಿ, ಕಲ್ಲವ್ವ. ಅಪ್ಪ ದಾಂಡೇಲಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಒಂದೇ ಕೋಣೆಯ ಮನೆ, ಸಾಲದ್ದಕ್ಕೆ ಅವ್ವನ ಕಂಕುಳಲ್ಲಿ ತಮ್ಮ. ಹಾಗಾಗಿ ನಾನು ಐದನೆಯ ವಯಸ್ಸಿನಿಂದ ಆಯಿಯ ಮನೆಯಲ್ಲೇ ಬೆಳೆದೆ. ಹಳಿಯಾಳದಿಂದ ಸಾಂಬ್ರಾಣಿಯ ಹಾದಿ ಹಿಡಿದು ಒಂದು ತಾಸು ನಡೆದರೆ ನಮ್ಮೂರು. ಮಣ್ಣಿನ ಗೋಡೆ, ನಾಡಹಂಚಿನ ಮಾಡು, ಮುಂದೆ ಸಗಣಿ ಸಾರಿಸಿದ ಕಟ್ಟೆ, ಪಕ್ಕಕ್ಕೆ ಬಿದಿರು ತಟ್ಟಿಯ ಆಡಿನ ಕೊಟ್ಟಿಗೆ. ಬೆಳಗಾದರೆ ತಟ್ಟಿಯ ಸಂದಿನಿಂದ ಏಳೆಂಟು ಮೂಗುಗಳು ಹೊರಗೆ ಇಣುಕುತ್ತಿದ್ದವು. ನಾನು ಹಲ್ಲುಜ್ಜುತ್ತ ಒಂದೊಂದರ ಮೂಗನ್ನೂ ಮುಟ್ಟಿ ಹೋಗಬೇಕು. ಒಂದನ್ನು ಬಿಟ್ಟರೂ ಅದು ದಿನವಿಡೀ ಸಿಟ್ಟಾಗಿರುತ್ತದೆ ಎಂಬುದು ನನ್ನ ನಂಬಿಕೆ. ಆಯಿ ಅಷ್ಟರಲ್ಲಿ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಗೂಟದ ಮೇಲಿನ ಹುರಿಯನ್ನು ಹೆಗಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಬಂದು ಕೂತಿರುತ್ತಿದ್ದಳು. ಸೋಮವಾರ ಒಂದು ದಿನ ಮಾತ್ರ ಹುರಿ ಗೂಟದ ಮೇಲೇ ಇರುತ್ತಿತ್ತು. ಅದು ಶಿವನ ವಾರ, ಅಂದು ಯಾವ ಜೀವದ ತೂಕವನ್ನೂ ಬಾಯಿಬಿಟ್ಟು ಹೇಳಬಾರದು ಎನ್ನುತ್ತಿದ್ದಳು.

ಹುರಿ ನೂಲಿನದು, ಕಿರುಬೆರಳಿನ ಅರ್ಧದಷ್ಟು ದಪ್ಪ. ಒಂದು ತುದಿಗೆ ಹಿತ್ತಾಳೆಯ ಉಂಗುರ. ಉಂಗುರದಿಂದ ಒಂದು ಮೊಳಕ್ಕೆ ಸ್ವಲ್ಪ ಮೀರಿ ಮೊದಲ ಗಂಟು, ಅದು ಹತ್ತು ಸೇರು. ಅಲ್ಲಿಂದ ಮುಂದೆ ಗಂಟಿಗೆ ಎರಡೆರಡು ಸೇರು ಏರುತ್ತ ಹೋಗಿ ಹದಿನಾರನೆಯ ಗಂಟಿಗೆ ನಲವತ್ತು ಸೇರು, ಅಂದರೆ ಒಂದು ಮಣ. ಆಡನ್ನು ಬೆಳಿಗ್ಗೆ ಮೇವು ನೀರು ಕೊಡುವ ಮೊದಲು ಅಳೆಯಬೇಕು. ನಾಲ್ಕೂ ಕಾಲಿನ ಮೇಲೆ ಸಮನಾಗಿ, ತಲೆ ನೇರ ಮಾಡಿ ನಿಲ್ಲಿಸಬೇಕು. ಮುಂಗಾಲಿನ ಹಿಂದೆ, ಎದೆಯ ಸುತ್ತ ಹುರಿ ಹಾಯಿಸಿ ಉಂಗುರದಲ್ಲಿ ತೂರಿಸಿ, ರೋಮ ಒತ್ತುವಷ್ಟು ಎಳೆಯಬೇಕು, ಉಸಿರು ಒತ್ತುವಷ್ಟು ಎಳೆಯಬಾರದು. ಆಡು ಉಸಿರು ಬಿಟ್ಟ ಗಳಿಗೆಯಲ್ಲಿ ಉಂಗುರದ ಬಾಯಿಗೆ ಬಂದ ಗಂಟಿನ ಮೇಲೆ ಆಯಿಯ ಹೆಬ್ಬೆರಳು ಕೂರುತ್ತಿತ್ತು. ಹೆಬ್ಬೆರಳು ಕೂತ ಮೇಲೆ ಮಾತು ಬದಲಾಗುತ್ತಿರಲಿಲ್ಲ. ಗಬ್ಬದ ಆಡಾದರೆ ಎಷ್ಟು ಕಳೆಯಬೇಕು, ಮಳೆಯಲ್ಲಿ ನೆನೆದದ್ದಾದರೆ ಎಷ್ಟು ಬಿಡಬೇಕು ಎಂಬುದೆಲ್ಲ ಆಕೆಯ ಕೈಗೆ ಗೊತ್ತಿತ್ತು. ಸುತ್ತಲ ನಾಲ್ಕು ಹಳ್ಳಿಗಳ ಜನ ಆಡು ಮಾರುವ ಮೊದಲು ನಮ್ಮ ಕಟ್ಟೆಗೆ ಬರುತ್ತಿದ್ದರು. ಆಯಿ ಅವರಿಂದ ಒಂದು ಬೆಲ್ಲದ ಹೆಂಟೆಗಿಂತ ಹೆಚ್ಚು ಏನನ್ನೂ ತೆಗೆದುಕೊಂಡವಳಲ್ಲ. ಆ ಬೆಲ್ಲವೂ ನನ್ನ ಮತ್ತು ಆಡುಗಳ ಪಾಲಾಗುತ್ತಿತ್ತು.

ನಾನು ಹುಟ್ಟಾ ಮಾತು ಕಡಿಮೆಯ ಹುಡುಗಿ. ಮಾತಿನ ಬದಲು ಬರೆದಿಟ್ಟುಕೊಳ್ಳುವ ಚಟವಿತ್ತು. ಹುರಿಯ ಗಂಟುಗಳು ಮೊದಲಿಗೆ ದೂರದೂರ ಇದ್ದು ಕೊನೆಕೊನೆಗೆ ಹತ್ತಿರ ಬರುವುದನ್ನು ನೋಡಿ ನನಗೆ ಆಶ್ಚರ್ಯ. ಹತ್ತರಿಂದ ಹನ್ನೆರಡಕ್ಕೂ ಎರಡೇ ಸೇರು, ಮೂವತ್ತೆಂಟರಿಂದ ನಲವತ್ತಕ್ಕೂ ಎರಡೇ ಸೇರು, ಮತ್ತೆ ಅಂತರ ಯಾಕೆ ಬೇರೆ? ಐದನೆಯ ಇಯತ್ತೆಯ ಗಣಿತದ ವಹಿಯ ಕೊನೆಯ ಹಾಳೆಯಲ್ಲಿ ಪ್ರತಿ ಗಂಟಿನ ದೂರವನ್ನೂ ಅಳತೆಪಟ್ಟಿ ಹಿಡಿದು ಬರೆದುಕೊಂಡಿದ್ದೆ. ಉಂಗುರದಿಂದ ಕೊನೆಯ ಗಂಟಿಗೆ ಮೂವತ್ತಮೂರು ಇಂಚು. ಆಯಿಯನ್ನು ಕೇಳಿದರೆ, "ಮರಿ ಬೆಳೆಯೂದು ಹೊರಗ ಕಾಣತೈತಿ, ದೊಡ್ಡ ಆಡು ಬೆಳೆಯೂದು ಒಳಗ. ಅದಕ್ಕ ಹಂಗ" ಎಂದಳು. ಸುತ್ತಳತೆ ಸ್ವಲ್ಪವೇ ಹೆಚ್ಚಿದರೂ ಮೈಯ ಗಾತ್ರ ಎಷ್ಟೋ ಪಟ್ಟು ಹೆಚ್ಚುತ್ತದೆ ಎಂದು ಹತ್ತು ವರ್ಷಗಳ ಮೇಲೆ ಕಾಲೇಜಿನಲ್ಲಿ ಕಪ್ಪು ಹಲಗೆಯ ತುಂಬ ಬರೆದು ತೋರಿಸಿದರು. ನಾನು ಮನಸ್ಸಿನಲ್ಲೇ, ಆಯಿ ಹೇಳಿದ್ದು ಚಿಕ್ಕದಾಗಿತ್ತು ಅಂದುಕೊಂಡೆ.

ಹುರಿಗೆ ಇನ್ನೊಂದು ಕಟ್ಟುಪಾಡಿತ್ತು. ಪ್ರತಿ ಅಮಾವಾಸ್ಯೆಗೆ ಆಯಿ ಅದಕ್ಕೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಚ್ಚಿ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಒಳಗಿಳಿಸುತ್ತಿದ್ದಳು. ಆಕೆಯ ಅತ್ತೆ ಹಾಗೆ ಮಾಡುತ್ತಿದ್ದಳಂತೆ, ಅತ್ತೆಯ ಅತ್ತೆಯೂ ಹಾಗೇ ಅಂತೆ. ಯಾಕೆಂದು ಕೇಳಿದರೆ, "ದೇವರಿಗೆ ಎಣ್ಣಿ ಹಾಕೂದಿಲ್ಲೇನು, ಹಂಗ" ಎನ್ನುತ್ತಿದ್ದಳು. ಅದಕ್ಕೇ ಹುರಿ ಕರ್ರಗೆ, ಜಿಡ್ಡುಜಿಡ್ಡಾಗಿ, ಮುಟ್ಟಿದ ಕೈಯನ್ನು ಊಟದ ಹೊತ್ತಿನವರೆಗೂ ಬಿಡದ ವಾಸನೆಯಾಗಿರುತ್ತಿತ್ತು.

ನಾಗರ ಪಂಚಮಿಯ ದಿನ ಹುರಿ ಆಡುಗಳನ್ನು ಬಿಟ್ಟು ಮಕ್ಕಳ ಮೇಲೆ ಬರುತ್ತಿತ್ತು. ಓಣಿಯ ಮಕ್ಕಳೆಲ್ಲ ಜೋಕಾಲಿಯಿಂದ ಇಳಿದು ನಮ್ಮ ಕಟ್ಟೆಯ ಮುಂದೆ ಸಾಲಾಗಿ ನಿಲ್ಲಬೇಕು. ಉಂಡಿ ತಿನ್ನುವ ಮೊದಲು ಒಂದು ಅಳತೆ, ತಿಂದ ಮೇಲೆ ಇನ್ನೊಂದು ಅಳತೆ. "ಕಮಲೀ, ಆಡಿನ ಲೆಕ್ಕದಾಗ ನೀ ಹದಿನಾರು ಸೇರು. ಖಾದರಸಾಬಗ ಕೊಟ್ಟು ಬಿಡೂಣೇನು?" ಎಂದು ನನ್ನನ್ನು ಹುರಿಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದಳು. ನಾನು ಮುಖ ಮುಚ್ಚಿಕೊಂಡು ನಗುತ್ತಿದ್ದೆ. ಖಾದರಸಾಬರು ಹಳಿಯಾಳದ ಆಡಿನ ವ್ಯಾಪಾರಿ. ನಮ್ಮ ಕಡೆಯ ಆಡುಗಳನ್ನು ಕೊಂಡು ದಾಂಡೇಲಿಗೆ ಒಯ್ಯುತ್ತಿದ್ದರು. ಹಬ್ಬದ ದಿನ ಉಂಡಿಗಾಗಿ ತಪ್ಪದೆ ಬರುತ್ತಿದ್ದರು. "ಬ್ಯಾಡ ಕಲ್ಲಕ್ಕಾ, ಈ ಆಡು ಮೇಯಂಗಿಲ್ಲ, ಬರೇ ಓದತೈತಿ. ದಾಂಡೇಲ್ಯಾಗ ಯಾರೂ ತಗೊಳ್ಳಂಗಿಲ್ಲ" ಎಂದು ಅವರು ನನ್ನನ್ನು ಬಿಡಿಸುತ್ತಿದ್ದರು. ಅವರ ಬಳಿ ಒಂದು ಹಸಿರು ಸೈಕಲ್ ಇತ್ತು. ಅದರ ಹಿಡಿಕೆಗೆ ಕೆಂಪು ಗೊಂಡೆ, ಗಂಟೆಯ ಮೇಲೆ ಕನ್ನಡಿಯಂಥ ಹೊಳಪು. ಆಡುಗಳ ಹಿಂಡನ್ನು ಮುಂದೆ ಬಿಟ್ಟು ಅವರು ಹಿಂದಿನಿಂದ ನಿಧಾನವಾಗಿ ಪೆಡಲ್ ತುಳಿಯುತ್ತ ಗಂಟೆ ಬಾರಿಸಿದರೆ ಆಡುಗಳು ಆ ತಾಳಕ್ಕೇ ನಡೆಯುತ್ತವೆ ಎಂದು ನಮಗೆಲ್ಲ ಅನಿಸುತ್ತಿತ್ತು.

ಸೇರು ಹೋಗಿ ಕಿಲೋ ಬಂದ ಹೊಸದು. ಹಳಿಯಾಳದ ಒಂದು ಭತ್ತದ ಗಿರಣಿಗೆ ನೆಲದ ಮೇಲೆ ಕೂರುವ ಕಬ್ಬಿಣದ ಕಾಟಾ ಬಂತು. ಚೀಲ ಇಟ್ಟರೆ ಸಾಕು, ಪಟ್ಟಿಯ ಮೇಲೆ ಬಿಲ್ಲೆ ಸರಿಸಿ ತೂಕ ಹೇಳುವಂಥದು. ಅದನ್ನು ನೋಡಲು ಜನ ಹೋಗುತ್ತಿದ್ದರು. ಕಾಟಾದ ಮುಂದೆ ನಿಲ್ಲುತ್ತಿದ್ದ ದತ್ತೋಬಾ ಎಂಬವನಿಗೆ ಅದು ಬಂದಾಗಿನಿಂದ ಎದೆ ಎರಡು ಗಂಟು ದಪ್ಪವಾಗಿತ್ತು. ಒಂದು ದಿನ ಖಾದರಸಾಬರು ನಮ್ಮ ಕಟ್ಟೆಗೆ ಬಂದವರು ಬೆಲ್ಲವನ್ನೂ ಮುಟ್ಟದೆ ಕೂತರು. ದಾಂಡೇಲಿಯವರು ಇನ್ನು ಮೇಲೆ ಕಿಲೋ ಕೇಳುತ್ತಾರಂತೆ, ಹುರಿಯ ಮಾತು ನಡೆಯದಂತೆ ಎಂದರು. ಹಾಗಾದರೆ ಒಂದು ಆಡು ಮಾರಬೇಕಾದವನೂ ಅದನ್ನು ಹಳಿಯಾಳದವರೆಗೆ ಹೊಡೆದುಕೊಂಡು ಹೋಗಿ ಕಾಟಾದ ಮುಂದೆ ಕಾಯಬೇಕು. "ದತ್ತೋಬಾ ಎಲ್ಲಾರ ಮುಂದ ನಕ್ಕ, ಅಕ್ಕಾ. ಮುದುಕಿ ಹುರಿ ನಮ್ಮ ಕಾಟಾದ ಮುಂದ ನಿಂತೀತೇನು ಅಂದ. ನನಗ ತಡೀಲಿಲ್ಲ. ಹುರಿ ತಪ್ಪಿದ್ರ ನನ್ನ ಸೈಕಲ್ ನಿಂದು ಅಂತ ಹೇಳಿ ಬಂದೀನಿ."

"ನನ್ನ ಕೇಳದ ಸೈಕಲ್ ಕಟ್ಟಿದ್ಯಾ, ತಮ್ಮಾ?"

"ನಿನ್ನ ಯಾಕ ಕೇಳಲಿ? ಇಷ್ಟು ವರ್ಷದಾಗ ಒಮ್ಮೆರ ತಪ್ಪೈತೇನು?"

ಆಯಿ ಹುರಿಯನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಬರುವ ಸಂತೆಯ ದಿನ ಚೆಲುವಿಯನ್ನು ಕರಕೊಂಡು ಬರುತ್ತೇನೆ ಎಂದಳು. ಚೆಲುವಿ ನಮ್ಮ ಹಣೆಬಿಳಿಯ ಆಡು, ಹಿಂಡಿನಲ್ಲೇ ತಂಟೆಕೋರಿ.

ಈಗ ನನ್ನ ಪಾಲಿನ ತಪ್ಪನ್ನು ಹೇಳಬೇಕು. ಸಂತೆಯ ಹಿಂದಿನ ದಿನ ಆಯಿ ಹೊಲಕ್ಕೆ ಹೋಗಿದ್ದಳು. ಗೂಟದ ಮೇಲಿನ ಹುರಿಯನ್ನು ನೋಡಿದಾಗ ನನಗೆ ನಾಚಿಕೆಯಾಯಿತು. ಹಳಿಯಾಳದ ಅಷ್ಟು ಮಂದಿಯ ನಡುವೆ, ಹೊಳೆಯುವ ಕಬ್ಬಿಣದ ಕಾಟಾದ ಪಕ್ಕದಲ್ಲಿ, ನನ್ನ ಆಯಿ ಈ ನಾರುವ ಕರೀ ಹುರಿಯನ್ನು ಹಿಡಿದು ನಿಲ್ಲುವುದೇ? ಅವ್ವ ದಾಂಡೇಲಿಯಲ್ಲಿ ಬಿಳಿ ಬಟ್ಟೆ ಕುದಿಸುವುದನ್ನು ನೋಡಿದ್ದೆ. ಹಂಡೆಯಲ್ಲಿ ನೀರು ಕುದಿಸಿ, ಸೋಡಾ ಹಾಕಿ, ಹುರಿಯನ್ನು ಅದರಲ್ಲಿ ಮುಳುಗಿಸಿ ಕೋಲಿನಿಂದ ತಿರುವಿದೆ. ನೀರು ಕಪ್ಪಾಯಿತು. ಮತ್ತೆ ನೀರು ಬದಲಿಸಿ ಕುದಿಸಿದೆ. ಮೂರನೆಯ ಸಲಕ್ಕೆ ನೂರು ವರ್ಷದ ಎಣ್ಣೆಯೆಲ್ಲ ಬಿಟ್ಟು, ಒಳಗಿಂದ ಹಾಲಿನಂಥ ಬಣ್ಣ ಬಂತು. ಬಿಸಿಲಿಗೆ ಬೇಲಿಯ ಮೇಲೆ ಹರವಿ, ಅದರ ಮುಂದೆ ಕೂತು ಕಾಗೆ ಬಾರದಂತೆ ಕಾದೆ. ಅಷ್ಟು ಸಂತೋಷದಿಂದ ನಾನು ಇನ್ಯಾವ ಕೆಲಸವನ್ನೂ ಮಾಡಿರಲಿಲ್ಲ. ಆಯಿ ಬಂದು ನೋಡಿ, ಮೊದಲು ಗುರುತೇ ಹಿಡಿಯಲಿಲ್ಲ. ಆಮೇಲೆ ಹುರಿಯನ್ನು ಮೂಸಿ, "ಎಲಾ ಇದರ! ಮದಲಿಂಗನಂಗ ಆಗೈತಲ್ಲ" ಎಂದು ನನ್ನ ತಲೆಯನ್ನು ಎದೆಗೊತ್ತಿಕೊಂಡಳು.

ಮರುದಿನ ಹಳಿಯಾಳದಲ್ಲಿ ಗಿರಣಿಯ ಅಂಗಳ ತುಂಬಿತ್ತು. ಚೆಲುವಿಯನ್ನು ನಾವು ಚಕ್ಕಡಿಯಲ್ಲಿ ಕೂರಿಸಿಕೊಂಡು, ಹಾದಿಯಲ್ಲಿ ಮೇವು ಮುಟ್ಟಗೊಡದೆ ತಂದಿದ್ದೆವು. ಇಳಿಯುತ್ತಲೇ ಅದು ದತ್ತೋಬಾನ ಧೋತರದ ಚುಂಗು ಅಗಿಯಲು ಶುರುಮಾಡಿತು. "ಅಗ ಬಾಯೀ! ಮಾವಶಿ, ನಿಮ್ಮ ಆಡು ಹಿಡೀರಿ, ಇದು ಕಾಟಾ ನೋಡಾಕ ಬಂದೈತೋ ನನ್ನ ಧೋತರ ನೋಡಾಕ ಬಂದೈತೋ" ಎಂದು ಅವನು ಕುಣಿದ. ಜನ ನಕ್ಕರು. ಆಯಿ ಹುರಿ ಹಾಯಿಸಿದಳು, ಎಳೆದಳು, ಚೆಲುವಿ ಉಸಿರು ಬಿಡುವವರೆಗೆ ಕಾದಳು. ಹೆಬ್ಬೆರಳು ಹನ್ನೊಂದನೆಯ ಗಂಟಿನ ಮೇಲೆ ಕೂತಿತು. ಆಕೆಯ ಹುಬ್ಬು ಒಮ್ಮೆ ಕೂಡಿದ್ದನ್ನು ನಾನು ನೋಡಿದೆ. ಮತ್ತೊಮ್ಮೆ ಗಂಟು ಎಣಿಸಿ, "ಮೂವತ್ತು ಸೇರು" ಎಂದಳು.

ಕಾಟಾ ಇಪ್ಪತ್ನಾಲ್ಕೂ ಕಾಲು ಕಿಲೋ ತೋರಿಸಿತು. ದತ್ತೋಬಾ ಗೋಡೆಗೆ ಅಂಟಿಸಿದ್ದ ಕೋಷ್ಟಕದ ಮೇಲೆ ಬೆರಳಾಡಿಸಿ, ಇಪ್ಪತ್ತಾರು ಸೇರು ಎಂದು ಓದಿದ. ಅಂಗಳ ಗೊಳ್ಳೆಂದಿತು. "ಮಾವಶಿ, ಉಳಿದ ನಾಕು ಸೇರು ಎಲ್ಲಿ? ದಾರ್ಯಾಗ ಹಿಕ್ಕಿ ಹಾಕಿತೇನು?" ಎಂದ ದತ್ತೋಬಾ. ಆಯಿ ಹುರಿಯನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡಳು. ಖಾದರಸಾಬರು ಸೈಕಲ್ಲಿನ ಗೊಂಡೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಸೈಕಲ್ಲನ್ನು ದತ್ತೋಬಾನ ಕೈಗೆ ಕೊಟ್ಟು, ತಿರುಗಿ ನೋಡದೆ ನಡೆದುಹೋದರು.

ಆ ವಾರ ನಮ್ಮ ಕಟ್ಟೆಗೆ ಯಾರೂ ಆಡು ತರಲಿಲ್ಲ. ಆಯಿ ಎಂದಿನಂತೆ ಬಂದು ಕೂರುತ್ತಿದ್ದಳು, ಹೆಗಲ ಮೇಲೆ ಹುರಿ ಇರಲಿಲ್ಲ. ನೆರೆಯವರು ಕೇಳಿದರೆ, "ಏನ ಮಾಡೂದು, ನಾನ ತಪ್ಪಿದೆ. ವಯಸ್ಸಾತು" ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಹಾಲು ಹಿಂಡುತ್ತ ನನಗೆ ಮಾತ್ರ ಕೇಳುವಂತೆ ಹೇಳಿದಳು: "ಕೈ ಇಪ್ಪತ್ತಾರು ಅಂತಿತ್ತು, ಕಮಲೀ. ಹುರಿ ಮೂವತ್ತು ಅಂತು. ನಾ ಹುರೀ ಮಾತು ಕೇಳಿದೆ." ಅದೇ ದಿನ ಶಾಲೆಗೆ ಹೋಗುವಾಗ ಖಾದರಸಾಬರನ್ನು ಕಂಡೆ. ಆಡುಗಳ ಹಿಂದೆ, ಬಿಸಿಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಗಂಟೆಯ ಸದ್ದಿಲ್ಲದೆ ಆಡುಗಳು ಹಾದಿ ತುಂಬ ಚದುರಿದ್ದವು. ನನ್ನನ್ನು ನೋಡಿ, "ಬೇಟಿ, ನಡದ್ರ ಹೊಟ್ಟಿ ಕರಗತೈತಿ, ಛಲೋ ಆತು" ಎಂದು ನಕ್ಕರು. ಅವರ ಹೊಟ್ಟೆ ಕರಗುವಷ್ಟು ಇರಲಿಲ್ಲ.

ಶಾಲೆಯಲ್ಲಿ ಗಣಿತದ ವಹಿ ತೆರೆದಾಗ ಕೊನೆಯ ಹಾಳೆ ತಾನಾಗಿ ಬಿಚ್ಚಿಕೊಂಡಿತು. ಮೂವತ್ತಮೂರು ಇಂಚು. ಅಲ್ಲಿಯತನಕ ನನಗೆ ಆ ಸಂಶಯ ಬಂದೇ ಇರಲಿಲ್ಲ. ಮನೆಗೆ ಓಡಿ ಬಂದು, ಆಯಿಯ ಸೆರಗಿನ ಗಂಟಿನಿಂದ ಹುರಿ ಬಿಡಿಸಿ, ಕಟ್ಟೆಯ ಮೇಲೆ ಚಾಚಿ ಪಟ್ಟಿ ಹಿಡಿದೆ. ಮೂವತ್ತೊಂದರ ಮೇಲೆ ಸ್ವಲ್ಪ. ಇನ್ನೊಮ್ಮೆ ಹಿಡಿದೆ, ಅಷ್ಟೇ. ಮೊದಲ ಗಂಟಿಗೇ ಒಂದು ಇಂಚು ಕಡಿಮೆ, ಮುಂದಿನ ಪ್ರತಿ ಅಂತರವೂ ಒಂದೊಂದು ಕೂದಲೆಳೆ ಕಡಿಮೆ. ಕುದಿಸಿದ ನೀರಿನಲ್ಲಿ ನೂಲು ಕುಗ್ಗಿತ್ತು. ಗಂಟುಗಳು ಉಂಗುರದ ಕಡೆಗೆ ಸರಿದಿದ್ದವು. ಅದಕ್ಕೇ ಚೆಲುವಿಯ ಎದೆಗೆ ಒಂಬತ್ತನೆಯ ಗಂಟು ಬರಬೇಕಾದಲ್ಲಿ ಹನ್ನೊಂದನೆಯದು ಬಂದಿತ್ತು. ನೀರು ಒಳಗಿಳಿಯದಿರಲಿ, ನೂಲು ಕುಗ್ಗದಿರಲಿ ಎಂದೇ ಯಾವುದೋ ಕಾಲದ ಯಾವುದೋ ಅತ್ತೆ ಎಣ್ಣೆಯ ಕಟ್ಟುಪಾಡು ಹಾಕಿದ್ದಳು. ಕಾರಣ ಮರೆತು ಎಣ್ಣೆ ಮಾತ್ರ ಉಳಿದಿತ್ತು. ನಾನು ಅದನ್ನೂ ತೊಳೆದಿದ್ದೆ.

ಅಳುತ್ತಲೇ ಆಯಿಗೆ ಹೇಳಿದೆ. ಆಯಿ ಹುರಿಯನ್ನೂ ಪಟ್ಟಿಯನ್ನೂ ವಹಿಯನ್ನೂ ಒಂದೊಂದಾಗಿ ನೋಡಿದಳು. ಬಳಿಕ ಭುಜ ಕುಲುಕಲಾರಂಭಿಸಿತು. ಅಳುತ್ತಿದ್ದಾಳೆಂದುಕೊಂಡೆ, ಆದರೆ ಆಕೆ ನಗುತ್ತಿದ್ದಳು. "ಮೂರು ತಲಿ ಎಣ್ಣಿ ಹಚ್ಚಿದಿವಿ, ಯಾಕ ಅಂತ ಒಬ್ಬಾಕಿಗೂ ಗೊತ್ತಿಲ್ಲ! ನೀ ಕುದಿಸಿದಿ ಅಂತ ಇವತ್ತ ಗೊತ್ತಾತು" ಎಂದು ಕಣ್ಣೊರೆಸಿಕೊಂಡಳು. ಆದರೆ ಹಳಿಯಾಳದಲ್ಲಿ ಹೇಳುವ ಮಾತು ಬಂದಾಗ ತಲೆಯಾಡಿಸಿದಳು. "ಮಗಾ ತೊಳೀತು ಅಂತ ನಾ ಮಂದಿ ಮುಂದ ಹೇಳಾಕಿ ಅಲ್ಲ. ನಾ ತಪ್ಪಿದೆ ಅಂದೀನಿ, ಅಷ್ಟ ಸಾಕು."

ಮುಂದಿನ ಸಂತೆಯ ದಿನ ನಾನು ವಹಿಯನ್ನು ಎದೆಗವಚಿಕೊಂಡು ಆಯಿಯ ಹಿಂದೆಯೇ ಹೊರಟೆ. ಆಯಿ ಉಪ್ಪು ಕೊಳ್ಳಲು ನಿಂತಳು. ನಾನು ಗಿರಣಿಯ ಅಂಗಳಕ್ಕೆ ನಡೆದೆ. ಗೋಡೆಗೆ ಹಸಿರು ಸೈಕಲ್ ಒರಗಿತ್ತು, ದತ್ತೋಬಾ ಅದರ ಗಂಟೆಯನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ. ಸುತ್ತ ಹತ್ತಿಪ್ಪತ್ತು ಜನ. ಶಾಲೆಯಲ್ಲಿ ಹಾಜರಿ ಹೇಳಲೂ ದನಿ ಏಳದ ನಾನು, ಕಾಟಾದ ಮೇಲೆಯೇ ಹತ್ತಿ ನಿಂತು, "ಆಯಿ ತಪ್ಪಿಲ್ಲ. ಹುರಿ ನಾ ಕುದಿಸೀನಿ" ಎಂದೆ. ನಾಲ್ಕು ಜನರ ಮುಂದೆ ನಾನು ಬಾಯಿಬಿಟ್ಟ ಮೊದಲ ದಿನ ಅದು. ಕಾಟಾದ ಪಟ್ಟಿ ನನ್ನ ಭಾರಕ್ಕೆ ಟಕಟಕ ಬಡಿಯುತ್ತಿತ್ತು. ವಹಿ ತೆರೆದು ಮೂವತ್ತಮೂರು ಇಂಚಿನ ಹಳೆಯ ಲೆಕ್ಕ ತೋರಿಸಿ, ಈಗ ಹುರಿ ಮೂವತ್ತೊಂದೇ ಎಂದೆ. ದತ್ತೋಬಾ ಮೊದಲು ನಕ್ಕ. ಆಮೇಲೆ ಹಾಳೆ ನೋಡಿದ, ಅಲ್ಲಿ ಹಾಕಿದ್ದ ತಾರೀಖು ನೋಡಿದ, ಗುರುಗಳು ಕೆಂಪು ಶಾಯಿಯಲ್ಲಿ ಮಾಡಿದ್ದ ಸಹಿ ನೋಡಿದ. ನಗು ನಿಲ್ಲಿಸಿ ತಲೆ ಕೆರೆದುಕೊಂಡ. ಅಷ್ಟರಲ್ಲಿ ನನ್ನನ್ನು ಹುಡುಕುತ್ತ ಆಯಿಯೂ ಬಂದಳು, ಸುದ್ದಿ ಕೇಳಿ ಸಂತೆಯಿಂದ ಖಾದರಸಾಬರೂ ಬಂದರು. "ಕೇಳಿದ್ಯೇನೋ ದತ್ತ್ಯಾ, ಹುರಿ ಕುಗ್ಗೈತಿ, ನಮ್ಮ ಕಲ್ಲಕ್ಕ ಕುಗ್ಗಿಲ್ಲ!" ಎಂದು ಅವರು ಅಂಗಳ ತುಂಬುವಂತೆ ಕೂಗಿದರು.

"ಹಂಗಾದ್ರ ಹುರಿ ಬ್ಯಾಡ. ಕೈಲೇ ಹೇಳ್ರಿ ನೋಡೂಣು, ಮಾವಶಿ" ಎಂದ ದತ್ತೋಬಾ. ಸಂತೆಯಿಂದ ಯಾರದೋ ಗುರುತಿಲ್ಲದ ಕರೀ ಹೋತವನ್ನು ಹಿಡಿದು ತಂದರು. ಆಯಿ ಅದರ ಮುಂಗಾಲಿನ ಹಿಂದೆ ಎರಡೂ ಅಂಗೈಗಳನ್ನು ಇಟ್ಟು, ಗೇಣು ಹಾಕಿ, ಕಣ್ಣು ಮುಚ್ಚಿದಳು. ಖಾದರಸಾಬರು ಜೇಬಿನಲ್ಲಿ ಕೈಹಾಕಿ ಗೊಂಡೆಯನ್ನು ಹಿಡಿದುಕೊಂಡಿದ್ದರು. "ಇಪ್ಪತ್ತೆರಡು ಸೇರು" ಎಂದಳು ಆಯಿ. ಬಿಲ್ಲೆ ಸರಿಯಿತು, ಪಟ್ಟಿ ಏರಿ ಇಳಿದು ನಿಂತಿತು. ಇಪ್ಪತ್ತೂವರೆ ಕಿಲೋ. ದತ್ತೋಬಾ ಕೋಷ್ಟಕ ನೋಡಿದ, ಮತ್ತೆ ನೋಡಿದ, ಬಗ್ಗಿ ಆಯಿಯ ಕಾಲು ಮುಟ್ಟಿ ಎದ್ದು, "ಇಪ್ಪತ್ತೆರಡಽ ಐತಿ" ಎಂದು ಸೈಕಲ್ಲನ್ನು ಖಾದರಸಾಬರ ಕೈಗೆ ಮರಳಿ ಕೊಟ್ಟ. ಖಾದರಸಾಬರು ಅಲ್ಲಿಯೇ ಸೈಕಲ್ಲಿಗೆ ಗೊಂಡೆ ಕಟ್ಟಿ, ನನ್ನನ್ನು ಮುಂದಿನ ಕೊಳವೆಯ ಮೇಲೆ ಕೂರಿಸಿಕೊಂಡು ಗಿರಣಿಯ ಸುತ್ತ ಮೂರು ಸುತ್ತು ಹಾಕಿದರು. ಗಂಟೆ ಬಾರಿಸುವ ಕೆಲಸ ನನ್ನದು. ಎಷ್ಟು ಬಾರಿಸಿದೆನೆಂದರೆ ಸಂತೆಯ ಆಡುಗಳೆಲ್ಲ ಕಿವಿ ನಿಮಿರಿಸಿ ನಿಂತವು.

ಆದರೆ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ಹೋಗಲು ಬರುವುದಿಲ್ಲ. ಹುರಿ ಹೊಸದು ಬೇಕಿತ್ತು. ದತ್ತೋಬಾನೇ ಬೆಳಗಿನ ಒಂದು ತಾಸು ಕಾಟಾ ನಮಗೆ ಬಿಟ್ಟುಕೊಡುತ್ತೇನೆಂದ. ಒಂದು ಬೆಳಿಗ್ಗೆ ನಮ್ಮೂರ ಆಡುಗಳೆಲ್ಲ, ಮರಿಯಿಂದ ಹಿಡಿದು ಗಡ್ಡದ ಹೋತದವರೆಗೆ, ಹಳಿಯಾಳದ ಹಾದಿಯಲ್ಲಿ ಮೆರವಣಿಗೆ ಹೊರಟವು. ಮುಂದೆ ಗಂಟೆ ಬಾರಿಸುತ್ತ ಸೈಕಲ್, ಹಿಂದೆ ಆಯಿ, ಆಯಿಯ ಕೈಯಲ್ಲಿ ಮೂರು ದಿನ ಔಡಲೆಣ್ಣೆಯಲ್ಲಿ ನೆನೆಸಿಟ್ಟ ಹೊಸ ಹುರಿ. ಒಂದೊಂದು ಆಡನ್ನೂ ಕಾಟಾದ ಮೇಲೆ ನಿಲ್ಲಿಸುವುದು, ದತ್ತೋಬಾ ತೂಕ ಕೂಗುವುದು, ಆಯಿ ಎದೆಗೆ ಹುರಿ ಹಾಯಿಸಿ ಉಂಗುರದ ಬಾಯಿಗೆ ಬಂದಲ್ಲಿ ಗಂಟು ಬಿಗಿಯುವುದು. ಆಕೆ ಸೇರಿನ ಗಂಟು ಬಿಟ್ಟು ಕಿಲೋ ಮುಟ್ಟುವವಳಲ್ಲ. ನಾನು ಹಠ ಹಿಡಿದು, ಐದೈದು ಕಿಲೋಗೆ ಒಂದರಂತೆ ಕೆಂಪು ದಾರದ ಗುರುತು ಕಟ್ಟಿದೆ. "ಇದು ನಿನ್ನ ಕಾಲದ್ದು, ಅದು ನನ್ನ ಕಾಲದ್ದು. ಜಗಳಾಡದ ಒಂದ ಹುರೀ ಮ್ಯಾಲ ಇರಲಿ" ಎಂದಳು ಆಯಿ. ನಡುವೆ ಚೆಲುವಿ ಅಕ್ಕಿಯ ಚೀಲಕ್ಕೆ ಬಾಯಿ ಹಾಕಿ, ಕಾಟಾ ಹತ್ತುವ ಹೊತ್ತಿಗೆ ಇಪ್ಪತ್ತಾರು ಸೇರನ್ನು ದಾಟಿತ್ತು. ಅದರ ಅಳತೆಯನ್ನು ನಾಳೆಗಿಡಬೇಕೆಂದು ಎಲ್ಲರೂ ಒಪ್ಪಿದರು. ಒಂಬತ್ತನೆಯ ಗಂಟು ಬಿದ್ದದ್ದು ಮರುದಿನ. ದಾಂಡೇಲಿಯವರು ಕಿಲೋ ಕೇಳಿದಾಗ ಖಾದರಸಾಬರು ಕೆಂಪು ದಾರದ ಲೆಕ್ಕ ಹೇಳುತ್ತಿದ್ದರು, ಆಡಿನ ಒಡೆಯರಿಗೆ ಗಂಟಿನ ಲೆಕ್ಕ ಹೇಳುತ್ತಿದ್ದರು. ಕಟ್ಟೆಗೆ ಮತ್ತೆ ಬೆಲ್ಲ ಬಂತು.

ಆ ಮನೆ ಈಗ ಇಲ್ಲ. ಮುಂದೆ ನಾನು ಓದಲು ಧಾರವಾಡಕ್ಕೆ ಬಂದೆ. ಆಡುಗಳು ಒಂದೊಂದಾಗಿ ಕಡಿಮೆಯಾದವು. ಚೆಲುವಿ ಮುದಿಯಾಗಿ ಕೊಟ್ಟಿಗೆಯಲ್ಲೇ ಸತ್ತಿತು, ಅದನ್ನು ಯಾರೂ ಮಾರಲಿಲ್ಲ. ಬಿದಿರು ತಟ್ಟಿ ಇದ್ದ ಕಡೆ ಈಗ ಬೇರೆಯವರು ಗೋವಿನಜೋಳದ ರಾಶಿ ಮಾಡುತ್ತಾರೆ. ಕಟ್ಟೆಯ ಒಂದು ಮೂಲೆಯಷ್ಟೇ ನೆಲದಿಂದ ಮೇಲೆ ಉಳಿದಿದೆ.

ಆಯಿಯ ಕೊನೆಯ ಪಂಚಮಿಗೆ ನಾನು ಊರಿಗೆ ಹೋದಾಗ ಆಕೆ ಪಡಸಾಲೆಯ ಹೊರಸಿನ ಮೇಲಿದ್ದಳು. ಮಕ್ಕಳು ಸಾಲಾಗಿ ನಿಂತಿದ್ದವು. ಆಕೆಗೆ ಏಳಲಾಗದ್ದರಿಂದ ನಾನೇ ಅಳೆದೆ, ಆಕೆ ಮಲಗಿದಲ್ಲಿಂದಲೇ ಒಬ್ಬೊಬ್ಬರ ತೂಕಕ್ಕೂ ಒಂದೊಂದು ಕೊಂಕು ಆಡಿದಳು. ಮಕ್ಕಳು ಉಂಡಿಗೆ ಓಡಿದ ಮೇಲೆ, "ನನ್ನೂ ಅಳಿ" ಎಂದಳು. ಎಬ್ಬಿಸಿ ಕೂರಿಸಿ, ಕಂಕುಳ ಕೆಳಗೆ ಹುರಿ ಹಾಯಿಸಿದೆ. ಆಕೆ ಉಸಿರು ಬಿಡುವವರೆಗೆ ಕಾದೆ. ಗಂಟುಗಳು ಒಂದರ ಹಿಂದೊಂದು ಉಂಗುರದೊಳಗೆ ಹಾದುಹೋಗುತ್ತ ಇದ್ದವು, ನಿಲ್ಲಲಿ ಎಂದುಕೊಂಡಲ್ಲಿ ನಿಲ್ಲಲಿಲ್ಲ. ಸ್ವಲ್ಪ ಸಡಿಲ ಬಿಟ್ಟು ಹನ್ನೊಂದನೆಯ ಗಂಟು ಎನ್ನಬಹುದಿತ್ತು. ಆದರೆ ಅಷ್ಟರಲ್ಲಿ ಆಕೆಯ ಹೆಬ್ಬೆರಳು ಬಂದು ನನ್ನ ಹೆಬ್ಬೆರಳಿನ ಪಕ್ಕದಲ್ಲಿ ಕೂತಿತು.

"ಎಷ್ಟು?"

"ಇಪ್ಪತ್ತಾರು, ಆಯಿ."

"ಚೆಲುವಿ ತೂಕ!" ಎಂದು ಬೊಚ್ಚುಬಾಯಿ ತುಂಬ ನಕ್ಕಳು. "ಖಾದರಸಾಬಗ ಹೇಳು, ಮುದಿ ಆಡು, ಆದ್ರ ಎಲುಬು ಗಟ್ಟಿ ಐತಿ ಅಂತ." ಆಮೇಲೆ ಹುರಿಯನ್ನು ತಾನೇ ಬಿಡಿಸಿ, ಸುತ್ತಿ, ನನ್ನ ಮಡಿಲಿಗೆ ಹಾಕಿದಳು. "ಮತ್ತ ತೊಳೀಬ್ಯಾಡ."

ತೊಳೆದಿಲ್ಲ. ಅಮಾವಾಸ್ಯೆಗೊಮ್ಮೆ ಔಡಲೆಣ್ಣೆ ಹಚ್ಚುತ್ತೇನೆ. ಕೋಣೆಯ ಗೆಳತಿ ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಾಳೆ. ಸಂದರ್ಶನದ ಆ ದಿನವೂ ಹುರಿಯನ್ನು ಬೇರೆ ಪೆಟ್ಟಿಗೆಗೆ ಹಾಕಬೇಕೆಂದು ಹೊರತೆಗೆದವಳು, ಮೇಜಿನ ಮೇಲಿಟ್ಟು, ಉಂಗುರದಲ್ಲಿ ತೂರಿಸಿ ಒಂಬತ್ತನೆಯ ಗಂಟಿಗೆ ಎಳೆದೆ. ಒಂದು ದುಂಡು ಆಯಿತು. ಅದರೊಳಗೆ ಮೇಜಿನ ಕಟ್ಟಿಗೆ ಕಾಣುತ್ತಿತ್ತು, ಕಿಟಕಿಯ ಬೆಳಕು ಬಿದ್ದಿತ್ತು. ಅಷ್ಟು ದುಂಡಗೆ, ಅಷ್ಟೇ ಜಾಗದಲ್ಲಿ, ನನ್ನ ಆಯಿ ಕೂತು ನಕ್ಕಿದ್ದಳು. ಹುರಿಯನ್ನು ಮೊದಲಿನಂತೆ ಸುತ್ತಿ ಪದವಿ ಪತ್ರದ ಮೇಲೆಯೇ ಇಟ್ಟು ಮುಚ್ಚಳ ಹಾಕಿದೆ.